ಮೀನು ಬಿಡುವ ಉಸಿರು

ಅಬುಧಾಬಿಯ ಅಲ್ ಮೀನಾದ ಮೀನು ಮಾರ್ಕೆಟಿನಲ್ಲಿ ಮೊಯ್ದಿನಬ್ಬನ ಕೂಗು ಕೇಳದವರು ಯಾರಾದರೂ ಇದ್ದರೆ, ಅವರು ಒಂದೋ ನಿನ್ನೆ ಮೊನ್ನೆ ವಿಮಾನ ಇಳಿದವರು, ಇಲ್ಲವೇ ಮೀನನ್ನೇ ಮುಟ್ಟದವರು. ಉಳಿದ ಅಂಗಡಿಯವರು ಗಿರಾಕಿಯ ಹಿಂದೆ ಹಿಂದೆ ಹೋಗುತ್ತಾರೆ, ಕಿವಿರು ಎತ್ತಿ ಒಳಗಿನ ಕೆಂಪು ತೋರಿಸುತ್ತಾರೆ, ಆಣೆ ಹಾಕುತ್ತಾರೆ. ಮೊಯ್ದಿನಬ್ಬನಿಗೆ ಅದೆಲ್ಲ ಬೇಡ. ಅವನು ತನ್ನ ಕಟ್ಟೆಯ ಹಿಂದೆ ರಬ್ಬರ್ ಬೂಟು ಹಾಕಿ ನಿಂತು, ಹೊಟ್ಟೆಯವರೆಗೆ ಗಾಳಿ ಎಳೆದುಕೊಂಡು, ಐಸಿನ ಮೇಲೆ ಮಲಗಿದ ಅಷ್ಟೂ ಮೀನುಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದ.

“ಹಮೂರ್ ಶೇರಿ ಸಾಫಿ ಕನಾದ್, ಅಂಜಲ್ ಅಂಜಲ್ ಮಾಂಜಿ ಝುಬೈದಿ, ಬಂಗುಡೆ ಬೂತಾಯಿ ರುಬಿಯಾನ್, ತಾಜಾ ತಾಜಾ ತಾಜಾ, ಯಲ್ಲಾ!”

ಕನಾದ್ ಅಂದರೂ ಅಂಜಲೇ, ಮಾಂಜಿ ಅಂದರೂ ಝುಬೈದಿಯೇ, ರುಬಿಯಾನ್ ಅಂದರೂ ಸಿಗಡಿಯೇ. ಅರಬರಿಗೊಂದು ಹೆಸರು, ಊರಿನವರಿಗೊಂದು ಹೆಸರು. ಮೀನಿಗೇನು, ಅದು ಎರಡಕ್ಕೂ ಸುಮ್ಮನೆ ಮಲಗಿರುತ್ತದೆ. ಕೂಗು ಮುಗಿಯುವ ಹೊತ್ತಿಗೆ ಮೊಯ್ದಿನಬ್ಬನ ಮುಖ ಬೆಂದ ಸಿಗಡಿಯ ಹಾಗೆ ಕೆಂಪಗಾಗಿರುತ್ತಿತ್ತು. ಪಕ್ಕದ ಅಂಗಡಿಯ ತುಕ್ರ, ಮಲ್ಪೆಯವನು, ಐಸ್ ಸುರಿಯುವ ಸಲಿಕೆಯನ್ನು ನೆಲಕ್ಕೂರಿ ನಗುತ್ತಿದ್ದ.

“ಮೊಯ್ದಿನಾಕ, ಸಾಕು ಮಾರಾಯ್ರೆ. ಹೀಗೇ ಕೂಗಿದ್ರೆ ಸತ್ತ ಮೀನು ಎದ್ದು ಓಡ್ಲಿಕ್ಕುಂಟು.”

ಈ ಕೂಗಿನ ಮೊದಲ ಭಕ್ತೆ ಎಂದರೆ ಅವನ ಮಗಳು ಮಿನ್ಹಾ. ಶಾಲೆಗೆ ರಜೆ ಇದ್ದ ದಿನ ಮುಸಫ್ಫಾದ ಮನೆಯಿಂದ ಅಪ್ಪನ ಜೊತೆ ಹಟ ಮಾಡಿ ಬರುತ್ತಿದ್ದಳು. ಮಗುಚಿದ ಥರ್ಮೋಕೋಲ್ ಡಬ್ಬದ ಮೇಲೆ ಕೂತು, ಅಪ್ಪ ಉಸಿರು ಎಳೆದಾಗ ತಾನೂ ಎಳೆದು, ಅಪ್ಪನ ಜೊತೆಗೇ ಹೆಸರು ಹೇಳಲು ಹೊರಟು, ಮಾಂಜಿಗೆ ಬರುವಷ್ಟರಲ್ಲಿ ಗಾಳಿ ಮುಗಿದು ಕೆಮ್ಮುತ್ತಿದ್ದಳು. “ಉಪ್ಪಾ, ದಿಸ್ ಈಸ್ ನಾಟ್ ಫೇರ್! ನಿಮ್ಮ ಹೊಟ್ಟೆ ದೊಡ್ಡದುಂಟು!” ಎಂದು ಅವನ ಹೊಟ್ಟೆಗೆ ಗುದ್ದುತ್ತಿದ್ದಳು. ಬಳಿಕ ಅದೇ ಹೊಟ್ಟೆಗೆ ಕಿವಿ ಇಟ್ಟು, ಒಳಗೆ ಇನ್ನೂ ಎಷ್ಟು ಮೀನು ಉಳಿದಿದೆ ಎಂದು ಕೇಳಿಸಿಕೊಳ್ಳುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಅವಳಿಗೆ ಮೊಣಕಾಲು ನೋಯಲು ಶುರುವಾಯಿತು. ಬಿದ್ದಿದ್ದಾಳೆ ಅಂದುಕೊಂಡರು. ಆಮೇಲೆ ತೋಳಿನ ಮೇಲೆ, ಬೆನ್ನಿನ ಮೇಲೆ, ಯಾರೂ ಹೊಡೆಯದೆ, ಎಲ್ಲೂ ತಾಗದೆ ನೀಲಿ ಕಲೆಗಳು ಕಂಡವು. ಅಬುಧಾಬಿಯ ದೊಡ್ಡ ಆಸ್ಪತ್ರೆಯಲ್ಲಿ ರಕ್ತ ತೆಗೆದು, ಬೆನ್ನುಮೂಳೆಗೆ ಸೂಜಿ ಹಾಕಿ ನೋಡಿದವರು ರಕ್ತದ ಕ್ಯಾನ್ಸರ್ ಎಂದರು. ಮಕ್ಕಳಲ್ಲಿ ಇದಕ್ಕೆ ಒಳ್ಳೆಯ ಔಷಧಿ ಇದೆ, ಆದರೆ ದಾರಿ ಉದ್ದ ಇದೆ ಎಂದೂ ಹೇಳಿದರು. ಮೊಯ್ದಿನಬ್ಬ ಆ ಎರಡು ಮಾತಿನಲ್ಲಿ ಮೊದಲನೆಯದನ್ನು ಗಟ್ಟಿಯಾಗಿ ಹಿಡಿದುಕೊಂಡ. ಹೆಂಡತಿ ಝುಲೈಖ ಎರಡನೆಯದಕ್ಕೆ ಬೇಕಾದಷ್ಟು ಬಟ್ಟೆ ಚೀಲಕ್ಕೆ ತುಂಬಿಸಿ, ಮಗಳ ಜೊತೆ ಆಸ್ಪತ್ರೆಗೆ ಹೋಗಿ ಕೂತಳು.

ಮೊದಲ ಔಷಧಿ ಹಾಕಿದ ದಿನ ಅವನು ಮಾರ್ಕೆಟಿನಿಂದ ಮನೆಗೆ ಹೋಗಿ, ಮಿಂದು, ಒಗೆದ ಬಟ್ಟೆ ಹಾಕಿಯೇ ಬಂದಿದ್ದ. ಮಗಳನ್ನು ಎದೆಗೆ ಒರಗಿಸಿಕೊಂಡು ಕೂತಿದ್ದ. ಹಳದಿ ಬಣ್ಣದ ಔಷಧಿ ನಳಿಕೆಯಲ್ಲಿ ಇಳಿಯುತ್ತಿತ್ತು. ಮಿನ್ಹಾಳ ಹಣೆಯಲ್ಲಿ ಬೆವರು ಮೂಡಿತು, ಹೊಟ್ಟೆ ತಿರುಗಿತು. ಅವಳ ಮೂಗು ಅಪ್ಪನ ಅಂಗಿಯಲ್ಲಿತ್ತು. ಎಷ್ಟು ಮಿಂದರೂ ವರ್ಷಗಳ ಮೀನು ಬೆರಳಿನ ಸಂದಿಯಲ್ಲಿ ಉಳಿಯುತ್ತದಲ್ಲ, ಅದನ್ನೇ ಉಸಿರಾಡುತ್ತ ಅವಳು ವಾಂತಿ ಮಾಡಿದಳು. ಮತ್ತೆ ಮತ್ತೆ ಮಾಡಿದಳು.

ಅಂದಿನಿಂದ ಅಪ್ಪ ಬಾಗಿಲಲ್ಲಿ ಕಂಡರೆ ಸಾಕು, ಮಗು ಮುಖ ತಿರುಗಿಸಿ ಬಾಯಿಗೆ ಕೈ ಹಿಡಿಯುತ್ತಿದ್ದಳು. ಕಣ್ಣಿನಲ್ಲಿ ನೀರು ತುಂಬಿಕೊಂಡು, “ಸಾರಿ ಉಪ್ಪಾ, ಸಾರಿ,” ಅನ್ನುತ್ತಿದ್ದಳು. ವಾಂತಿಯನ್ನಾದರೂ ಸಹಿಸಬಹುದು, ಆ ಸಾರಿಯನ್ನು ಸಹಿಸುವುದು ಹೇಗೆ? ಮೊಯ್ದಿನಬ್ಬ ನಿಂಬೆಹಣ್ಣು ತಿಕ್ಕಿದ. ಕಾಫಿ ಪುಡಿ ತಿಕ್ಕಿದ. ತುಕ್ರ ಹೇಳಿದ ಅಂತ ಹಲ್ಲುಜ್ಜುವ ಪೇಸ್ಟನ್ನು ಮೊಣಕೈವರೆಗೆ ಹಚ್ಚಿಕೊಂಡು ಕೂತ. ಕೊನೆಗೆ ಒಂದು ದಿನ, ಇಷ್ಟು ಕಾಲ ಇದು ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡು, ಒಳ್ಳೆಯ ಊದ್ ಅತ್ತರ್ ತಂದ. ಅತ್ತರಿಗೆ ಮೀರಿದ ಶುದ್ಧ ಏನುಂಟು? ಜುಮಾ ನಮಾಜಿಗೆ ಹಚ್ಚಿದ್ದು, ಮದುವೆಗೆ ಹಚ್ಚಿದ್ದು, ಮಗು ಹುಟ್ಟಿದಾಗ ಬಾಣಂತಿಯ ಕೋಣೆಗೆ ಇದೇ ಊದ್ ಮರದ ಹೊಗೆ ಹಾಕಿದ್ದು. ಕಿವಿಯ ಹಿಂದೆ, ಮಣಿಕಟ್ಟಿಗೆ, ಗಡ್ಡಕ್ಕೆ, ಅಂಗಿಯ ಕಂಕುಳಿಗೂ ಹಚ್ಚಿಕೊಂಡು, ಲಿಫ್ಟಿನಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಘಮಘಮಿಸುತ್ತ ವಾರ್ಡಿಗೆ ಬಂದ.

ಮಿನ್ಹಾ ಅವನನ್ನು ಕಣ್ಣಿಂದ ನೋಡುವ ಮೊದಲೇ ಮೂಗಿನಿಂದ ನೋಡಿದಳು. ಆ ಮಧ್ಯಾಹ್ನ ಅವಳ ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ಎದುರು ಮಂಚದ ಸಿರಿಯಾದ ಹುಡುಗನೂ ವಾಂತಿ ಮಾಡಿದ.

ಅವನನ್ನು ಕಾರಿಡಾರಿಗೆ ಎಳೆದುಕೊಂಡು ಹೋದವರು ವಾರಿಜಾಕ್ಷಿ ಸಿಸ್ಟರ್. ಕಾಪುವಿನವರು, ಗಿಡ್ಡ, ದಪ್ಪ ಕನ್ನಡಕ. ಈ ವಾರ್ಡಿನ ಮಕ್ಕಳಿಗೆ ಉಸಿರಾಟದ ಅಭ್ಯಾಸ ಹೇಳಿಕೊಡುವುದೂ ಅವರ ಕೆಲಸ.

“ಮೊಯ್ದಿನಾಕ, ನಿಮಗೆ ತಲೆ ಸರಿ ಉಂಟಾ? ಮಕ್ಕಳ ವಾರ್ಡಿಗೆ ಇಡೀ ಅತ್ತರಿನ ಅಂಗಡಿ ಹೊತ್ಕೊಂಡು ಬರುದಾ?”

“ಮೀನಿನ ವಾಸನೆ ಹೋಗ್ಲಿ ಅಂತ, ಸಿಸ್ಟರ್...”

“ಹೋಗಿದೆ. ಈಗ ಮೀನಿಗೆ ಮದುವೆ ಮಾಡಿಸಿದ ಹಾಗೆ ಉಂಟು.” ಹೀಗೆ ಬೈದವರು, ಅವನ ಮುಖ ನೋಡಿ ಮೆತ್ತಗಾದರು. ಗೋಡೆ ಬದಿಯ ಬೆಂಚಿನಲ್ಲಿ ಕೂರಿಸಿದರು. “ಕೇಳಿ ಇಲ್ಲಿ. ಅದು ನಿಮ್ಮ ಮೈಯ ವಾಸನೆ ಅಲ್ಲ. ಮೊದಲ ದಿನ ಔಷಧಿ ಒಳಗೆ ಹೋದಾಗ ಅವಳ ಮೂಗಿನ ಎದುರು ನೀವಿದ್ರಿ. ಅವಳ ತಲೆ ಎರಡನ್ನೂ ಒಟ್ಟಿಗೆ ಗಂಟು ಹಾಕಿ ಇಟ್ಟಿದೆ. ಸಾಬೂನಿಗೆ ಆ ಗಂಟು ಬಿಡುದಿಲ್ಲ. ನಿಮ್ಮ ತಪ್ಪಲ್ಲ, ಅವಳ ತಪ್ಪೂ ಅಲ್ಲ.”

“ಮತ್ತೆ ಯಾವುದಕ್ಕೆ ಬಿಡ್ತದೆ?”

“ನಿಧಾನಕ್ಕೆ.” ಸಿಸ್ಟರ್ ಕನ್ನಡಕ ತೆಗೆದು ಒರೆಸಿದರು. “ವಾಂತಿಯ ಔಷಧಿ ಕೊಡ್ತಾ ಇದ್ದೇವೆ, ಅದು ಬೇಕೇ ಬೇಕು. ಅದರ ಜೊತೆಗೆ ಉಸಿರು. ನಾನು ಎಲ್ಲ ಮಕ್ಕಳಿಗೂ ಹೇಳುದು, ಹೂವು ಮೂಸು, ಮೇಣದ ಬತ್ತಿ ಊದು. ಬಾಕಿ ಮಕ್ಕಳು ಆಟದ ಹಾಗೆ ಮಾಡ್ತಾವೆ. ನಿಮ್ಮ ಮಿನ್ಹಾ ಮಾತ್ರ ಹೂವು ಮೂಸುದೇ ಇಲ್ಲ. ಅವಳಿಗೆ ಒಳಗೆ ತೆಗೆದುಕೊಳ್ಳುವ ಉಸಿರು ಅಂದ್ರೇ ಹೆದರಿಕೆ. ಯಾವ ವಾಸನೆ ಬರ್ತದೋ ಅಂತ. ಉಸಿರು ಬಿಗಿಹಿಡೀತಾಳೆ. ಬಿಗಿಹಿಡಿದಷ್ಟೂ ಹೊಟ್ಟೆ ಜಾಸ್ತಿ ತೊಳಸ್ತದೆ.”

ದುಬೈಯಲ್ಲಿದ್ದ ಝುಲೈಖಳ ತಮ್ಮ ಅನ್ಸಿಫ್ ಕೂಡ ಕೈಲಾದದ್ದು ಮಾಡಿದ್ದ. ಸಿಲಿಕಾನ್ ಓಯಸಿಸ್‌ನ ಆಫೀಸಿನಿಂದ ಬರುವಾಗ ಟ್ಯಾಬ್ ತಂದು, ಉಸಿರಾಟದ ಆ್ಯಪ್ ಹಾಕಿಕೊಟ್ಟಿದ್ದ. ಅದರಲ್ಲಿ ಹಕ್ಕಿ ಕೂಗುತ್ತಿತ್ತು, ತೊರೆ ಹರಿಯುತ್ತಿತ್ತು, ಒಬ್ಬ ಹೆಂಗಸು ಬೆಣ್ಣೆಯಂಥ ಇಂಗ್ಲಿಷಿನಲ್ಲಿ ಬ್ರೀದ್ ಇನ್, ಬ್ರೀದ್ ಔಟ್ ಎನ್ನುತ್ತಿದ್ದಳು. ಮಿನ್ಹಾ ಎರಡೇ ದಿನ ಕೇಳಿ ಮಗುಚಿ ಇಟ್ಟಳು. “ಮಾಮಾ, ದಟ್ ಆಂಟಿ ಈಸ್ ನಾಟ್ ಈವನ್ ಬ್ರೀದಿಂಗ್. ಸುಮ್ಮನೆ ಹೇಳ್ತಾರೆ ಅಷ್ಟೇ.”

ಮೊಯ್ದಿನಬ್ಬ ಬೆಂಚಿನಿಂದ ಎದ್ದ. ವಾರ್ಡಿನ ಬಾಗಿಲಿನ ಗಾಜಿನಿಂದ ಮಗಳನ್ನು ಒಮ್ಮೆ ನೋಡಿದ. ಕೂದಲು ಹೋದ ತಲೆ, ಉಮ್ಮನ ಮಡಿಲಿನಲ್ಲಿ. ಈ ಗಾಜಿನ ಆಚೆ ಹೋಗಿ ಆ ಹುಡುಗಿಯ ಪಕ್ಕದಲ್ಲಿ ಕೂರುವುದು, ಅವಳಿಗೆ ಕಷ್ಟವಾಗದ ಹಾಗೆ ಕೂರುವುದು. ಅದಕ್ಕಿಂತ ದೊಡ್ಡದನ್ನು ಅವನು ಆಗ ಯಾರಲ್ಲೂ ಬೇಡುತ್ತಿರಲಿಲ್ಲ, ನಮಾಜಿನಲ್ಲಿ ಕೂಡ.

ಫೋನು ಬಂದದ್ದು ಕೆಲವು ದಿನ ಕಳೆದ ಮೇಲೆ. ಮಾರ್ಕೆಟಿನಲ್ಲಿ ಬೆಳಗಿನ ಗದ್ದಲ. ಕೈಯ ಗವಸು ತೆಗೆಯಲಾರದೆ ಮೊಣಕೈಯಿಂದ ಸ್ಪೀಕರ್ ಒತ್ತಿದ.

“ಕೇಳಿದ್ರಾ, ಹೇಗುಂಟು ಅಲ್ಲಿ? ಇವಳಿಗೆ ಇವತ್ತು ಆಗುದೇ ಇಲ್ಲ,” ಎಂದಳು ಝುಲೈಖ. ಹಿಂದಿನಿಂದ ಮಗಳು ನರಳುವುದು ಕೇಳುತ್ತಿತ್ತು. ಅಷ್ಟರಲ್ಲಿ ಎದುರಿಗೊಬ್ಬ ಅರಬ ಗಿರಾಕಿ ಬಂದು ನಿಂತ. ಅಭ್ಯಾಸಬಲ ನೋಡಿ, ಮೊಯ್ದಿನಬ್ಬ ಫೋನನ್ನು ಐಸಿನ ಬದಿಯಲ್ಲಿ ಇಟ್ಟವನೇ ಗಾಳಿ ಎಳೆದು ಕೂಗಿಬಿಟ್ಟ. ಹಮೂರ್ ಶೇರಿ ಸಾಫಿ ಕನಾದ್...

ಯಲ್ಲಾ ಎಂದು ಮುಗಿಸಿದಾಗ ಫೋನಿನ ಆ ಕಡೆ ನರಳುವುದು ನಿಂತಿತ್ತು. ಆಮೇಲೆ ಸಣ್ಣ ದನಿ. “ಉಪ್ಪಾ, ಎಗೇನ್.”

ಕೂಗಿದ. ಮಗಳೂ ಜೊತೆಗೆ ಹೆಸರು ಹೇಳುತ್ತಿದ್ದಳು, ಪಿಸುದನಿಯಲ್ಲಿ. ಅವನಿಗೆ ಹಿಗ್ಗೋ ಹಿಗ್ಗು. “ಹೊಟ್ಟೆ ತುಂಬ ಗಾಳಿ ತೆಗಿ ಮಿನ್ನು! ಇನ್ನೂ! ಉಪ್ಪನಿಗಿಂತ ಜಾಸ್ತಿ ತೆಗಿ! ಬೇಗ ಬೇಗ!” ಎಂದು ಹುರಿದುಂಬಿಸಿದ. ತುಕ್ರನೂ ಸಲಿಕೆ ಬಿಸಾಡಿ ಬಂದು ಚಪ್ಪಾಳೆ ಹೊಡೆದ. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ವಾರಿಜಾಕ್ಷಿ ಸಿಸ್ಟರ್ ದನಿ ಬಂತು.

“ಮೊಯ್ದಿನಾಕ, ನಿಲ್ಲಿಸಿ ನಿಮ್ಮ ರೇಸು! ಹುಡುಗಿಗೆ ತಲೆ ತಿರುಗ್ತಾ ಉಂಟು, ಬೆರಳೆಲ್ಲ ಜುಮ್ ಅಂತದಂತೆ. ಅಷ್ಟು ಗಾಳಿ ಯಾಕೆ ಅವಳಿಗೆ, ಬಲೂನು ಮಾಡ್ಲಿಕ್ಕಾ?”

ಮೊಯ್ದಿನಬ್ಬ ಕುಗ್ಗಿ ಹೋದ. ತಾನು ಮುಟ್ಟಿದ್ದೆಲ್ಲ ಹೀಗೇ ಆಗುತ್ತದೆ ಎಂದುಕೊಂಡು ಫೋನು ಕೆಳಗಿಡಬೇಕು ಅನ್ನುವಾಗ ಸಿಸ್ಟರ್ ಮತ್ತೆ ಮಾತಾಡಿದರು. ಈ ಸಲ ದನಿ ಬೇರೆ ಇತ್ತು.

“ಇಡಬೇಡಿ. ಒಂದು ವಿಷಯ ಉಂಟು. ಅವಳು ನಿಮ್ಮ ಕೂಗಿನ ಜೊತೆ ಉಸಿರು ಬಿಟ್ಲು. ಇಷ್ಟು ದಿನದಲ್ಲಿ ಮೊದಲ ಸಲ ಪೂರ್ತಿ ಹೊರಗೆ ಬಿಟ್ಲು. ನಾನು ಇಷ್ಟು ದಿನ ಹೂವಿನಿಂದ ಶುರು ಮಾಡ್ತಿದ್ದೆ ನೋಡಿ, ಇವಳಿಗೆ ಹೊರಗಿನಿಂದ ಶುರು ಮಾಡ್ಬೇಕು. ನೀವು ಒಂದು ಕೆಲಸ ಮಾಡಿ. ಒಂದು ಉಸಿರಿಗೆ ಒಂದೇ ಮೀನು. ಉದ್ದಕ್ಕೆ, ಮೆಲ್ಲ. ಆಮೇಲೆ ಸುಮ್ಮನಿರಿ. ಅವಳಿಗೆ ಉಸಿರು ತೆಗಿ ಅಂತ ಹೇಳ್ಲೇಬೇಡಿ. ಅದು ತನ್ನಷ್ಟಕ್ಕೆ ಬರ್ತದೆ.”

“ಒಂದು ಉಸಿರಿಗೆ ಒಂದೇ ಮೀನಾ? ಹಾಗೆ ಕೂಗಿದ್ರೆ ನನ್ನ ವ್ಯಾಪಾರ ಖಲಾಸ್ ಸಿಸ್ಟರ್.”

“ಖಲಾಸ್ ಆಗ್ಲಿ. ಹೇಳಿ.”

ಅವನು ಹೇಳಿದ. “ಹ... ಮೂ... ರ್...”

ಅಷ್ಟು ಜನರ ನಡುವೆ ಅಷ್ಟು ಮೆಲ್ಲಗೆ ಕೂಗುವುದು ಬೆತ್ತಲೆ ನಿಂತ ಹಾಗೆ ಅನ್ನಿಸಿತು ಅವನಿಗೆ. ಹೆಸರು ಮುಗಿಯಿತು. ಸುಮ್ಮನಾದ. ಮೀನು ಮಾರುವ ಇಷ್ಟು ವರ್ಷಗಳಲ್ಲಿ ಅವನು ಒಂದು ಹೆಸರಿಗೂ ಇನ್ನೊಂದು ಹೆಸರಿಗೂ ನಡುವೆ ಏನಿರುತ್ತದೆ ಎಂದು ನೋಡಿದವನೇ ಅಲ್ಲ. ಈಗ ನೋಡಿದರೆ ಅಲ್ಲೊಂದು ಖಾಲಿ ಜಾಗ ಇತ್ತು, ಅಲೆ ಹಿಂದಕ್ಕೆ ಸರಿದ ಮೇಲೆ ಒಂದು ಗಳಿಗೆ ಕಾಣುವ ಒದ್ದೆ ಮರಳಿನ ಹಾಗೆ. ಆ ಖಾಲಿಯಲ್ಲಿ, ಫೋನಿನ ಆಚೆ, ಅವನ ಮಗಳ ಎದೆಗೆ ಗಾಳಿ ತಾನಾಗಿ ಇಳಿಯುವ ಸದ್ದು ಕೇಳಿತು. ಸಣ್ಣ ಸದ್ದು. ಅವನು ಕಣ್ಣು ಮುಚ್ಚಿಕೊಂಡ.

“ಶೇ... ರೀ...”

“ಯಾ ಮೊಯ್ದಿನ್,” ಎಂದ ಅರಬ ಗಿರಾಕಿ, ತೂಕ ಹಾಕಲು ಕೊಟ್ಟ ಮೀನು ಹಾಗೇ ತಕ್ಕಡಿಯಲ್ಲಿರುವುದನ್ನು ನೋಡಿ. “ಮೀನನ್ನು ಮಲಗಿಸ್ತಾ ಇದ್ದೀಯಾ?”

ತುಕ್ರ ತನಗೆ ಬರುವ ಮುಕ್ಕಾಲು ಅರಬ್ಬಿಯಲ್ಲಿ ಆ ಮನುಷ್ಯನಿಗೆ ಏನೋ ಹೇಳಿದ. ಬಿಂತ್, ಮುಸ್ತಶ್ಫಾ, ಎರಡೇ ಪದ ಕೇಳಿಸಿದ್ದು. ಮಗಳು, ಆಸ್ಪತ್ರೆ. ಗಿರಾಕಿ ತನ್ನ ಮೀನನ್ನು ತಾನೇ ಚೀಲಕ್ಕೆ ಹಾಕಿಕೊಂಡು, ದುಡ್ಡನ್ನು ತಕ್ಕಡಿಯ ಪಕ್ಕ ಇಟ್ಟು, ಎದೆಯ ಮೇಲೆ ಕೈ ಇಟ್ಟು, ಸದ್ದು ಮಾಡದೆ ಹೋದ.

ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ಔಷಧಿ ಹತ್ತಿಸುವ ಹೊತ್ತಿಗೆ ಝುಲೈಖ ಫೋನು ಮಾಡಿ ಮಗಳ ದಿಂಬಿನ ಪಕ್ಕ ಇಡುತ್ತಿದ್ದಳು. ಇವನು ಕಟ್ಟೆಯ ಮೇಲಿಟ್ಟು ಶುರು ಮಾಡುತ್ತಿದ್ದ. ಮಿನ್ಹಾಳೇ ಒಂದು ದಿನ ಆಟಕ್ಕೆ ನಿಯಮ ಮಾಡಿದಳು.

“ಉಪ್ಪಾ, ಮಾರಬೇಡಿ.”

“ಮತ್ತೆಂತ ಮಾಡುದು ಮಗಳೇ?”

“ಬಿಟ್ಟುಬಿಡಿ. ಲೆಟ್ ದೆಮ್ ಗೋ. ನೀವು ಹೆಸರು ಹೇಳಿ, ನಾನು ಊದಿ ನೀರಿಗೆ ಬಿಡ್ತೇನೆ.”

ಹಾಗೆ ಮೀನುಗಳು ಹೋಗತೊಡಗಿದವು. ಸಾಫಿ ಎಂದಾಗ ಐಸಿನ ಮೇಲಿನ ಸಾಫಿ ಬಾಲ ಅಲುಗಿಸಿದಂತೆ ಅವನಿಗೆ ಕಾಣುತ್ತಿತ್ತು. ಹೆಸರು ಉದ್ದವಾಗುತ್ತ ಹೋದಂತೆ ಅದು ಕಟ್ಟೆಯಿಂದ ಜಾರಿ, ನೀರು ಹರಿಯುವ ಚರಂಡಿ ಹಿಡಿದು, ದೋಣಿಗಳ ಕೆಳಗೆ ನುಸುಳಿ, ಊರಿನ ಗಾಜಿನ ಕಟ್ಟಡಗಳ ನಡುವೆ ಈಜುತ್ತ, ಆಸ್ಪತ್ರೆಯ ಕಿಟಕಿಯ ಎತ್ತರಕ್ಕೆ ಏರುತ್ತಿತ್ತು. ಅಲ್ಲಿ ಒಂದು ಹುಡುಗಿ ತುಟಿಯನ್ನು ಸಣ್ಣಗೆ ಮಾಡಿ, ಬಿಸಿ ಚಾಯಿಗೆ ಊದುವಷ್ಟೇ ಮೆಲ್ಲಗೆ ಊದುತ್ತಿದ್ದಳು. ಮೀನು ಮಂಚವನ್ನೊಂದು ಸುತ್ತು ಹಾಕಿ, ಔಷಧಿಯ ಚೀಲ ತೂಗುವ ಕಂಬವನ್ನೊಂದು ಸುತ್ತು ಹಾಕಿ, ಹಳದಿ ಹನಿಗಳು ಇಳಿಯುವ ತಾಳಕ್ಕೆ ರೆಕ್ಕೆ ಆಡಿಸುತ್ತ ದೂರ ಹೋಗುತ್ತಿತ್ತು. ನೀರು ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಆ ಖಾಲಿ. ಒದ್ದೆ ಮರಳು. ಮಗಳ ಎದೆ ಏರುವ ಸಣ್ಣ ಸದ್ದು.

ಕೆಲವು ದಿನ ಅವಳು ಮಾತಾಡುತ್ತಿದ್ದಳು. ಝುಬೈದಿ ಬಹಳ ನಾಚಿಕೆಯದು, ಅದು ಮಂಚದ ಕೆಳಗೇ ಇರುತ್ತದೆ. ಬೂತಾಯಿಗಳು ಒಂದೊಂದಾಗಿ ಹೋಗುವುದಿಲ್ಲ, ಹಿಂಡಾಗಿಯೇ ಹೋಗಬೇಕು, ಅದಕ್ಕೆ ಉಸಿರು ಸ್ವಲ್ಪ ಜಾಸ್ತಿ ಬೇಕು. ಎದುರು ಮಂಚದ ಸಿರಿಯಾದ ಹುಡುಗನಿಗೆ ಒಂದು ಹಮೂರ್ ಬೇಕಂತೆ, ಕೊಡಲೇ? “ಕೊಡು ಕೊಡು, ಅವನಿಗೆ ದೊಡ್ಡದು ಕೊಡು,” ಎನ್ನುತ್ತಿದ್ದ ಇವನು. ಕೆಲವು ದಿನ ಮಾತೇ ಇರುತ್ತಿರಲಿಲ್ಲ. ವಾಂತಿಯೂ ಆಗುತ್ತಿತ್ತು, ಆಗುವುದಿಲ್ಲ ಅಂತ ಅಲ್ಲ. ಆದರೆ ಆದ ಮೇಲೆ ಬಾಯಿ ತೊಳೆದುಕೊಂಡು, “ಎಲ್ಲಿವರೆಗೆ ಬಂದಿತ್ತು ಉಪ್ಪಾ?” ಎಂದು ಕೇಳುತ್ತಿದ್ದಳು. “ಮಾಂಜಿ,” ಎನ್ನುತ್ತಿದ್ದ. ಅಲ್ಲಿಂದ ಮುಂದುವರಿಸುತ್ತಿದ್ದರು.

ಒಂದು ದಿನ ವಾರಿಜಾಕ್ಷಿ ಸಿಸ್ಟರ್ ಫೋನು ಕಿವಿಗಿಟ್ಟುಕೊಂಡು ಸುಮ್ಮನೆ ಕೇಳಿದರು. ಆಮೇಲೆ ಹೇಳಿದರು, “ಇದು ಮದ್ದು ಅಲ್ಲ ಮೊಯ್ದಿನಾಕ, ಹಾಗೆ ತಿಳ್ಕೊಳ್ಬೇಡಿ. ಮದ್ದಿನ ಹತ್ತಿರ ಕೂತ್ಕೊಳ್ಳುವ ಜನ, ಅಷ್ಟೇ.”

ಹತ್ತಿರ ಕೂತ್ಕೊಳ್ಳುವ ಜನ! ಅವನು ಮಾರ್ಕೆಟಿನಲ್ಲಿದ್ದ. ಕೂತಿದ್ದು ಅವನ ದನಿ ಮಾತ್ರ.

ಆಸ್ಪತ್ರೆಗೆ ಹೋಗುವುದನ್ನೇನೂ ಅವನು ನಿಲ್ಲಿಸಿರಲಿಲ್ಲ. ದಿನಾ ಹೋಗಿ, ಗಾಜಿನ ಆಚೆ ಅವಳಿಗೆ ಕಾಣದಂತೆ ಬದಿಯಲ್ಲಿ ನಿಂತು, ಝುಲೈಖಳಿಗೆ ಬಟ್ಟೆ, ಗಂಜಿ ಕೊಟ್ಟು ಬರುತ್ತಿದ್ದ. “ಒಳಗೆ ಬನ್ನಿ, ಒಮ್ಮೆ ನೋಡುವ,” ಎನ್ನುತ್ತಿದ್ದಳು ಝುಲೈಖ. “ಬೇಡ. ಈಗ ನಾಲ್ಕು ತುತ್ತು ತಿಂತಾ ಉಂಟು ಮಗು. ನನ್ನ ಮುಖ ನೋಡಿ ಅದೂ ಹೋದ್ರೆ?” ಎಂದು ಲಿಫ್ಟಿನ ಕಡೆ ನಡೆದುಬಿಡುತ್ತಿದ್ದ. ಮೀನಿಗೆ ಹೆದರದ ಕೈ, ಮುಳ್ಳಿಗೆ ಹೆದರದ ಕೈ ಆ ಬಾಗಿಲಿನ ಹಿಡಿಗೆ ಹೆದರುತ್ತಿತ್ತು.

ಮುಂದಿನ ಸುತ್ತಿನ ಔಷಧಿಯ ಮುನ್ನಾದಿನ ಝುಲೈಖಳಿಗೆ ಶೀತವಾಯಿತು. ಬರೀ ಶೀತ, ಮೂಗು ಸೋರುವುದು, ಸ್ವಲ್ಪ ಮೈಬಿಸಿ. ಆದರೆ ಮಿನ್ಹಾಳ ರಕ್ತದಲ್ಲಿ ಆಗ ರೋಗ ತಡೆಯುವ ಶಕ್ತಿ ಬಹಳ ಕಡಿಮೆ ಇದ್ದ ಸಮಯ. ಸಿಸ್ಟರ್ ಕೈ ಅಡ್ಡ ಹಿಡಿದರು. “ಇಲ್ಲ ಝುಲೈಖಕ್ಕ. ನೀವು ಮನೆಗೆ. ಗುಣ ಆಗುವವರೆಗೆ ಈ ಮಾಳಿಗೆಗೆ ಬರ್ಲಿಕ್ಕಿಲ್ಲ.”

“ಮತ್ತೆ ಅವಳ ಹತ್ರ ಯಾರು?”

ಯಾರು ಎಂದು ಇಬ್ಬರಿಗೂ ಗೊತ್ತಿತ್ತು. ಅನ್ಸಿಫ್ ಆಫೀಸಿನ ಕೆಲಸಕ್ಕೆ ಬೇರೆ ದೇಶದಲ್ಲಿದ್ದ. ಬೇರೆ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೊಯ್ದಿನಬ್ಬ ಕಟ್ಟೆಯನ್ನು ತುಕ್ರನಿಗೆ ಒಪ್ಪಿಸಿ ಹೊರಟ. ಮನೆಗೆ ಹೋಗಿ ಮಿಂದ. ನಿಂಬೆಹಣ್ಣು ಇಲ್ಲ, ಕಾಫಿ ಪುಡಿ ಇಲ್ಲ, ಅತ್ತರಂತೂ ಇಲ್ಲವೇ ಇಲ್ಲ. ಬರೀ ನೀರು, ವಾಸನೆ ಇಲ್ಲದ ಆಸ್ಪತ್ರೆಯ ಸಾಬೂನು. ಕಾರಿಡಾರಿನ ಬೆಂಚಿನಲ್ಲಿ ಬಂದು ಕೂತ. ಗಾಜಿನಿಂದ ನೋಡಿದರೆ ಸಿಸ್ಟರ್ ಔಷಧಿಯ ಚೀಲ ತೂಗುಹಾಕುತ್ತಿದ್ದರು. ಒಳಗೆ ಕಾಲಿಡಲು ಅವನಿಂದ ಆಗಲಿಲ್ಲ. ಔಷಧಿ ಇಳಿಯುವ ಹೊತ್ತಿಗೇ ಮತ್ತೆ ತಾನೇ ಎದುರಿಗೆ? ಮೊದಲಿನ ಗಂಟಿನ ಮೇಲೆ ಇನ್ನೊಂದು ಗಂಟು? ಕಿಸೆಯಿಂದ ಫೋನು ತೆಗೆದ. ಮಗಳ ಹಾಸಿಗೆಯ ಪಕ್ಕ ಅನ್ಸಿಫ್ ಕೊಟ್ಟ ಟ್ಯಾಬಿಗೆ ಕರೆ ಹೋಯಿತು.

“ಮಿನ್ನು, ಉಪ್ಪ. ಉಮ್ಮನಿಗೆ ಶೀತ ಅಲ್ವಾ, ನಾನು ಮಾರ್ಕೆಟಿನಿಂದಲೇ ಮಾತಾಡ್ತೇನೆ. ಶುರು ಮಾಡುವನಾ?”

“ಹ್ಞೂಂ.”

“ಹ... ಮೂ... ರ್...”

ಗಾಜಿನ ಆಚೆ ಸಣ್ಣ ತುಟಿಗಳು ಗುಂಡಗಾದವು. ಅವನು ಮೊದಲ ಸಲ ನೋಡುತ್ತಿದ್ದ, ಇಷ್ಟು ದಿನ ಕೇಳಿದ್ದನ್ನು. ಎದೆ ಇಳಿಯುವುದು. ಹೆಗಲು ಇಳಿಯುವುದು. ಹಿಡಿದುಕೊಂಡ ಹೊದಿಕೆಯನ್ನು ಬೆರಳುಗಳು ಒಂದೊಂದಾಗಿ ಬಿಡುವುದು.

“ಶೇ... ರೀ...”

ಆಸ್ಪತ್ರೆಯ ಬೆಳಕು ನೀರಿನಡಿಯ ಬೆಳಕಿನ ಹಾಗಿತ್ತು, ನೀಲಿ ಪರದೆಗಳು ಮೆಲ್ಲಗೆ ಆಡುತ್ತಿದ್ದವು. ಬಿಟ್ಟ ಮೀನು ಎಲ್ಲಿಗೆ ಹೋಯಿತು ಎಂದು ಅವನೂ ಕಣ್ಣಲ್ಲೇ ಹುಡುಕಿದ. ಸಾಫಿ ಎಂದ. ಕನಾದ್ ಎಂದ. ಆ ಖಾಲಿಯಲ್ಲಿ ಮಗಳು ಒಮ್ಮೆಲೇ ಕೇಳಿದಳು.

“ಉಪ್ಪಾ, ಐಸ್ ಎಲ್ಲಿ?”

“ಎಂತ ಐಸ್?”

“ಐಸ್ ಸೌಂಡ್ ಇಲ್ಲ. ತುಕ್ರ ಅಂಕಲ್ ನಗುದೂ ಇಲ್ಲ. ಯು ಆರ್ ನಾಟ್ ಇನ್ ದ ಮಾರ್ಕೆಟ್.”

ಮೊಯ್ದಿನಬ್ಬ ಸುಳ್ಳು ಹೇಳಲು ಬರದವನು ಅಂತ ಅಲ್ಲ. ನಿನ್ನೆಯ ಮೀನನ್ನು ಇವತ್ತಿನದು ಎಂದು ನೂರು ಸಲ ಮಾರಿದವನೇ. ಆದರೆ ಈ ಉಸಿರಿನಲ್ಲಿ ಆ ಸುಳ್ಳು ಹೊರಡಲಿಲ್ಲ.

“ಇಲ್ಲೇ ಇದ್ದೇನೆ ಮಗಳೇ. ಬಾಗಿಲ ಹೊರಗೆ.”

ಅವಳು ತಲೆ ತಿರುಗಿಸಿದಳು. ಗಾಜಿನಲ್ಲಿ ಅವನು ಕಂಡ. ಅವಳ ಕೈ ಅಭ್ಯಾಸದಂತೆ ಬಾಯಿಯ ಕಡೆ ಹೋಯಿತು. ಅವನು ಗೋಡೆಯ ಬದಿಗೆ ಸರಿದುಬಿಟ್ಟ.

“ನಾನು ಹೋಗ್ತೇನೆ, ಹೋಗ್ತೇನೆ, ನೀನು ನೋಡ್ಬೇಡ...”

“ಉಪ್ಪಾ, ಸ್ಟಾಪ್!” ದನಿ ಎರಡು ಕಡೆಯಿಂದ ಬಂತು, ಫೋನಿನಿಂದಲೂ ಬಾಗಿಲಿನಿಂದಲೂ. “ಅಂಜಲ್ ಹೇಳ್ಲಿಲ್ಲ ನೀವು. ಕನಾದ್ ಆದ ಮೇಲೆ ಅಂಜಲ್.”

ಅವನು ಗೋಡೆಗೆ ಒರಗಿ ಹೇಳಿದ. ಅಂಜಲ್, ಉದ್ದಕ್ಕೆ. ಬಾಗಿಲು ತೆರೆದದ್ದು ಸಿಸ್ಟರ್. ಬಾಗಿಲಿಗೆ ಬೆನ್ನು ಕೊಟ್ಟು, ಅದು ಮುಚ್ಚಿಕೊಳ್ಳದ ಹಾಗೆ ನಿಂತರು.

“ಈಗ ಅಲ್ಲೇ ನಿಲ್ಲಿ,” ಎಂದಳು ಮಿನ್ಹಾ, ಅಂಗಡಿ ನಡೆಸುವವಳ ದನಿಯಲ್ಲಿ. “ನಾನು ಹೇಳಿದಾಗ ಬನ್ನಿ. ನೆಕ್ಸ್ಟ್.”

ಮಾಂಜಿ ಹೋಯಿತು. ಅವನು ಬಾಗಿಲು ದಾಟಿದ. ಝುಬೈದಿ, ಆ ನಾಚಿಕೆಯದು, ಮಂಚದ ಕೆಳಗೆ ಹೋಯಿತು. ಅವನು ಪರದೆಯ ಹತ್ತಿರ ಬಂದ. ಬಂಗುಡೆ ಹೋಗುವಾಗ ಅವಳಿಗೆ ಉಬ್ಬಳಿಕೆ ಬಂತು. ಇಡೀ ಮೈ ಮುದುಡಿತು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು. ಮೊಯ್ದಿನಬ್ಬನ ಕಾಲು ಹಿಂದಕ್ಕೆ ಎಳೆಯಿತು. ಸಿಸ್ಟರ್ ತಟ್ಟೆ ಹಿಡಿದರು. ಮಿನ್ಹಾ ತಟ್ಟೆಯನ್ನು ಒಂದು ಕೈಯಿಂದ ಹಿಡಿದು, ಇನ್ನೊಂದು ಕೈಯನ್ನು ಅಪ್ಪನ ಕಡೆಗೆ ಎತ್ತಿ, ನಿಲ್ಲಿ ಎಂದು ತೋರಿಸಿದಳು. ಹೋಗಿ ಅಂತ ಅಲ್ಲ, ನಿಲ್ಲಿ ಅಂತ. ತುಟಿ ಗುಂಡಗೆ ಮಾಡಿದಳು. ಊದಿದಳು. ಹೆಸರು ಇಲ್ಲದೆ ಊದುತ್ತಿದ್ದಾಳೆ ಎಂದು ತಿಳಿದು ಅವನು ಮಂಚದ ಪಕ್ಕಕ್ಕೆ ಓಡಿ ದನಿ ಸೇರಿಸಿದ.

“ಬೂ... ತಾ... ಯಿ...”

ಹಿಂಡಾಗಿ ಹೋಗುವ ಮೀನು. ಹೋಗಲು ಬಹಳ ಹೊತ್ತು ಹಿಡಿಯಿತು. ಬೆಳ್ಳಿ ಚೂರುಗಳ ಹಾಗೆ ಕೋಣೆ ತುಂಬ ಮಿನುಗಿ, ಕಿಟಕಿಯ ಬಿಸಿಲಿಗೆ ತಿರುಗಿ, ಕೊನೆಯದೊಂದು ಹಿಂದೆ ಬಿದ್ದು, ಅದೂ ಹೋಯಿತು. ಅವಳ ಎದೆ ಪೂರ್ತಿ ಖಾಲಿಯಾಯಿತು. ಇನ್ನು ಬಿಡಲು ಏನೂ ಉಳಿದಿರಲಿಲ್ಲ. ಮೊಯ್ದಿನಬ್ಬ ಮಂಚದ ಪಕ್ಕದಲ್ಲೇ ಇದ್ದ, ಅಷ್ಟು ಹತ್ತಿರ ಅಂದರೆ ಇನ್ನು ಬರುವ ಉಸಿರಿನಲ್ಲಿ ಅವನಿರಲೇಬೇಕು. ಅವನು ತನ್ನ ಉಸಿರನ್ನು ಹಿಡಿದುಕೊಂಡ.

ಅವಳು ಹಿಡಿಯಲಿಲ್ಲ. ಗಾಳಿ ತಾನಾಗಿ ಒಳಗೆ ಬಂತು, ಮೂಗಿನಿಂದ, ಸಣ್ಣ ಸದ್ದು ಮಾಡಿ.

ತಟ್ಟೆ ಖಾಲಿಯೇ ಇತ್ತು.

“ವಾಸನೆ ಉಂಟಾ ಮಗಳೇ?” ಎಂದು ಕೇಳಿದ ಅವನು, ಕೇಳಬಾರದಾಗಿತ್ತೇನೋ ಎಂದುಕೊಳ್ಳುತ್ತಲೇ.

“ಉಂಟು.” ಅವಳು ಯೋಚಿಸಿದಳು. ಇನ್ನೊಮ್ಮೆ, ಬೇಕೆಂದೇ, ಸ್ವಲ್ಪ ಮೂಸಿದಳು. “ಐಸಿನದ್ದು.”

“ಐಸಿಗೆ ವಾಸನೆ ಉಂಟಾ ಮಾರಾಯ್ತಿ?” ಎಂದರು ಸಿಸ್ಟರ್.

“ಉಂಟು. ಯು ಡೋಂಟ್ ನೋ, ಸಿಸ್ಟರ್.” ಮಿನ್ಹಾ ಕಣ್ಣು ಮುಚ್ಚಿಕೊಂಡಳು. ಬಹಳ ದಣಿದಿದ್ದಳು. ಔಷಧಿ ಹನಿ ಹನಿಯಾಗಿ ಇಳಿಯುತ್ತಿತ್ತು, ಇನ್ನೂ ಬಹಳ ಇಳಿಯಬೇಕಿತ್ತು. ಅವಳು ಮಂಚದ ಪಕ್ಕದ ಕುರ್ಚಿಯನ್ನು ಕಣ್ಣು ತೆರೆಯದೆಯೇ ಕೈಯಿಂದ ತಟ್ಟಿದಳು. “ಕೂತ್ಕೊಳ್ಳಿ ಉಪ್ಪಾ. ರುಬಿಯಾನ್ ಬಾಕಿ ಉಂಟು.”

ಮೊಯ್ದಿನಬ್ಬ ಕೂತ. ಫೋನು ಇನ್ನೂ ಅವನ ಕೈಯಲ್ಲೇ ಇತ್ತು, ಕರೆ ಇನ್ನೂ ಮುಗಿದಿರಲಿಲ್ಲ. ಅವನ ಉಸಿರು ದಿಂಬಿನ ಪಕ್ಕದ ಟ್ಯಾಬಿನಿಂದ ಅವನಿಗೇ ಕೇಳುತ್ತಿತ್ತು, ದೂರದಲ್ಲಿ ಎಲ್ಲೋ ಸಮುದ್ರ ಇದ್ದ ಹಾಗೆ. ಅವನು ಫೋನನ್ನು ಆರಿಸಿ, ಕಿಸೆಗೆ ಹಾಕಿ, ಬರಿಯ ಬಾಯಿಂದ ಶುರು ಮಾಡಿದ.